ಏಳನೇ ಮಹಡಿಯ ಅರ್ಧ ನೆಲ

ಮೊದಲ ದಿನ ಏಳನೇ ಮಹಡಿ ಹತ್ತಿ, ಬಾಗಿಲಿಲ್ಲದ ಮನೆಯೊಂದರ ಒಳಗೆ ಕಾಲಿಟ್ಟೆ. ಯಾರೋ ಈಗಷ್ಟೇ ನೀರು ಕುಡಿಯಲು ಎದ್ದು ಹೋದಂತಿತ್ತು. ನಡುಮನೆಯ ಅರ್ಧಕ್ಕೆ ಟೈಲ್ಸ್ ಹಾಕಿತ್ತು, ಉಳಿದರ್ಧ ಬರೀ ಸಿಮೆಂಟು. ಮುಂದೆ ಕೂರಿಸಬೇಕಾದ ಟೈಲನ್ನು ಗೋಡೆಗೆ ಒರಗಿಸಿಟ್ಟಿದ್ದರು. ಬಕೆಟ್ಟಿನಲ್ಲಿ ಕಲಸಿದ ಅಂಟು ಕಲ್ಲಾಗಿತ್ತು, ಅದರೊಳಗೆ ಕರಣಿ ನೆಟ್ಟಗೆ ನಿಂತಿತ್ತು. ಮೊಳೆಗೆ ಒಂದು ನೀಲಿ ಜಾಕೆಟ್ಟು. ಗಾಜಿನ ಲೋಟದ ತಳದಲ್ಲಿ ಕಾಫಿಯ ಚರಟ ಒಣಗಿ, ಬೇಸಿಗೆಯ ಕೆರೆಯಂತೆ ಬಿರುಕುಬಿಟ್ಟಿತ್ತು. ಗೋಡೆಯ ಮೇಲೆ ಪೆನ್ಸಿಲಿನಿಂದ ಎಳೆದ ಒಂದು ಬಾಣವಿತ್ತು, ನಮಾಜಿನ ದಿಕ್ಕಿಗೆ.

ನಾನು ಹೊಸ್ತಿಲಲ್ಲೇ ನಿಂತು, "ಯಾರ್ರೀ ಒಳಗ?" ಎಂದೆ. ಕನ್ನಡದಲ್ಲಿ! ಇಸ್ರೇಲಿನ ಕಡಲದಂಡೆಯ ಊರೊಂದರಲ್ಲಿ, ಯಾದಗಿರಿ ಕಡೆಯ ತಿಂಥಣಿಯವನೊಬ್ಬ, ಖಾಲಿ ಮನೆಗೆ ಕನ್ನಡದಲ್ಲಿ ಕೇಳಿದ ಪ್ರಶ್ನೆ ಅದು. ಗಾಳಿಗೆ ಜಾಕೆಟ್ಟಿನ ತೋಳು ಅಲುಗಿತು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಮೌನೇಶ. ತಿಂಥಣಿಯಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಒಬ್ಬ ಮೌನೇಶನಿಗೆ ತಾಗುತ್ತದೆ, ಅಷ್ಟು ಜನ ಇದ್ದೇವೆ. ಶಹಾಪುರದಲ್ಲಿ ಬಿ.ಎ. ಮುಗಿಸಿ, ನೌಕರಿ ಸಿಗುವತನಕ ಇರಲಿ ಎಂದು ಗೌಂಡಿ ಕೆಲಸಕ್ಕೆ ಸೇರಿದವನು ಗೌಂಡಿಯಾಗಿಯೇ ಉಳಿದೆ. ಕಲಿಸಿದವರು ಗೋಗಿಯ ಖಾಜಾ ಉಸ್ತಾದರು. ನೆಲಕ್ಕೆ ಫರ್ಸಿ ಕಲ್ಲು ಹಾಸುವುದರಲ್ಲಿ ಅವರದು ದೊಡ್ಡ ಹೆಸರು. ದಾರ ಕಟ್ಟುವುದರಿಂದ ಹಿಡಿದು ಚಹಾದಂಗಡಿಯಲ್ಲಿ ಉದ್ರಿ ಹೇಳದಿರುವುದರವರೆಗೆ ನನಗೆ ಎಲ್ಲವನ್ನೂ ಅವರೇ ಕಲಿಸಿದರು. ಈಗ ಯಾದಗಿರಿ, ಶಹಾಪುರದ ಹೊಸ ಮನೆಗಳಿಗೆ ಟೈಲ್ಸ್ ಹಾಕುವವರು ಉತ್ತರ ಪ್ರದೇಶ, ರಾಜಸ್ಥಾನದಿಂದ ಬಂದ ತಂಡದವರು. ಅವರನ್ನು ಬೈದುಕೊಳ್ಳುತ್ತ ನಾವು ಹೈದರಾಬಾದಿಗೆ ಹೋಗುತ್ತೇವೆ. ಹೈದರಾಬಾದಿನಲ್ಲಿ ನಮ್ಮನ್ನು ಯಾರು ಬೈದುಕೊಳ್ಳುತ್ತಾರೋ ತಿಳಿಯದು.

ಹೈದರಾಬಾದಿನಲ್ಲಿದ್ದಾಗಲೇ ಸುದ್ದಿ ಬಂತು. ಇಸ್ರೇಲಿಗೆ ಗೌಂಡಿಗಳು ಬೇಕಂತೆ, ಎರಡು ಸರ್ಕಾರಗಳ ನಡುವೆ ಒಪ್ಪಂದವಾಗಿದೆಯಂತೆ. ಪರೀಕ್ಷೆಯೂ ಇತ್ತು. ಹೊರದೇಶದ ಒಬ್ಬಾತ ನಿಂತು ನೋಡುತ್ತಿರುವಾಗ ಒಂದು ಚೌಕ ನೆಲಕ್ಕೆ ಟೈಲ್ಸ್ ಹಾಕಿ ತೋರಿಸಬೇಕು. ಆತ ನಾಣ್ಯದಿಂದ ನನ್ನ ಟೈಲ್ಸ್ ಕುಟ್ಟಿ, ಕಿವಿಗೊಟ್ಟು ಕೇಳಿ, ಹೆಬ್ಬೆರಳೆತ್ತಿದ. ಆಮೇಲೆ ಒಬ್ಬ ಅಧಿಕಾರಿ ಬಂದು ಭಾಷಣ ಮಾಡಿದರು: "ನೀವು ಕೂಲಿಗಳಲ್ಲ, ಭಾರತದ ರಾಯಭಾರಿಗಳು." ಹಿಂದೆ ಕೂತಿದ್ದ ಒಬ್ಬ, "ಹಾಗಿದ್ದರೆ ಕೆಂಪು ಗೂಟದ ಕಾರು ಕೊಡ್ತಾರೇನೋ ಕೇಳು" ಎಂದು ತೆಲುಗಿನಲ್ಲಿ ಪಿಸುಗುಟ್ಟಿದ. ನಕ್ಕೆವು.

ಹೊರಡುವ ಮುಂಚೆ ಗೋಗಿಗೆ ಹೋಗಿ ಉಸ್ತಾದರ ಕಾಲಿಗೆ ಬಿದ್ದೆ. ಟಿ.ವಿ.ಯಲ್ಲಿ ದಿನವೂ ಗಾಜಾ ತೋರಿಸುತ್ತಿದ್ದ ಕಾಲ ಅದು.

"ಅಲ್ಲಿ ಗೌಂಡಿಗಳು ಇರಲಿಲ್ಲೇನೋ ಮೌನ್ಯಾ?" ಎಂದರು.

"ಇದ್ರು ಉಸ್ತಾದ್. ಪ್ಯಾಲೆಸ್ಟೀನಿನವ್ರು. ಲಡಾಯಿ ಸುರುವಾದ ಮ್ಯಾಲ ಅವರನ್ನ ಒಳಗ ಬಿಡವಲ್ರು."

"ಅಂದ್ರ ಅರ್ಧಕ್ಕ ಬಿಟ್ಟ ಕೆಲಸ."

ನಾನು ತಲೆ ತಗ್ಗಿಸಿದೆ. ಏಕೆ ತಗ್ಗಿಸಿದೆ ಎಂದು ಹೇಳಬೇಕಾದರೆ ನಮ್ಮ ಉಸ್ತಾದರ ಕಡೆಯ ಗೌಂಡಿಗಳ ಒಂದು ರೂಢಿಯನ್ನು ಹೇಳಬೇಕು. ಒಬ್ಬ ಗೌಂಡಿ ಅರ್ಧಕ್ಕೆ ಬಿಟ್ಟ ಗೋಡೆಯನ್ನಾಗಲಿ ನೆಲವನ್ನಾಗಲಿ ಇನ್ನೊಬ್ಬ ಸುಮ್ಮನೆ ಮುಟ್ಟುವ ಹಾಗಿಲ್ಲ. ಎಲೆ ಅಡಿಕೆ ಹಿಡಿದು ಅವನ ಮನೆಗೆ ಹೋಗಬೇಕು. "ನಿಮ್ಮ ಕೆಲಸ ಹಿಡೀತೀನ್ರಿ" ಅನ್ನಬೇಕು. ಅವನು "ಹಿಡಿ" ಅಂದರೆ ಮುಗಿಯಿತು. ಇದಕ್ಕೆ ಮಾತು ತಗೊಳ್ಳುವುದು ಎನ್ನುತ್ತಾರೆ. ಸತ್ತಿದ್ದರೆ ಅವನ ಮನೆಯ ಹಿರಿಯರ ಮಾತು. ಸುರಪುರದ ರಂಗಂಪೇಟೆಯಲ್ಲಿ ಒಬ್ಬ ಗೌಂಡಿ ಮಾಲೀಕನ ಜೊತೆ ಜಗಳಾಡಿ ಕೆಲಸ ಬಿಟ್ಟಿದ್ದ. ಅವನ ಮಾತಿಗಾಗಿ ಉಸ್ತಾದರು ಬೆಳಗಿನಿಂದ ಮಧ್ಯಾಹ್ನದವರೆಗೆ ಅವನ ಕಟ್ಟೆಯ ಮೇಲೆ ಕೂತದ್ದನ್ನು ನಾನೇ ನೋಡಿದ್ದೇನೆ. ಮಾತಿಲ್ಲದೆ ಹಾಕಿದ ನೆಲ ದನಿ ಮಾಡುತ್ತದೆ, ಒಳಗೆ ಪೊಳ್ಳಾಗುತ್ತದೆ, ಆ ಮನೆಯವರಿಗೆ ತಮ್ಮ ಜೊತೆ ಇನ್ನ್ಯಾರೋ ನಡೆಯುತ್ತಿದ್ದಾರೆ ಎನಿಸುತ್ತದೆ ಎಂದು ಹೇಳುತ್ತಾರೆ.

"ಹೋಗು," ಎಂದರು ಉಸ್ತಾದರು. "ದುಡಿಯೋದು ತಪ್ಪಲ್ಲ. ಆದ್ರ ಬಿಟ್ಟವನ ಮಾತು ತಗೊಂಡು ಕೆಲಸ ಹಿಡಿ. ಇಲ್ಲಾಂದ್ರ ಖಾಜಾನ ಕೈಯಾಗ ಕಲಿತೀನಿ ಅಂತ ಎಲ್ಲೂ ಹೇಳಬ್ಯಾಡ."

ಹೂಂ ಎಂದೆ. ಬಸ್ಸಿಗೆ ಹೊತ್ತಾಗಿತ್ತು, ಬಾಯಿಗೆ ಬಂದ ಹೂಂ ಅದು. ಅದು ಎಷ್ಟು ಭಾರ ಎಂದು ಏಳನೇ ಮಹಡಿಯಲ್ಲಿ ನಿಂತಾಗ ಗೊತ್ತಾಯಿತು.

ಇಲ್ಲಿಯ ಬದುಕಿನ ಬಗ್ಗೆ ಕೇಳುತ್ತೀರಿ. ಒಂದು ಡಬ್ಬಿಯಂಥ ಮನೆಯಲ್ಲಿ ಆರು ಜನ ಇದ್ದೇವೆ. ಎಲ್ಲರೂ ಭಾರತದವರೇ, ಕನ್ನಡ ಬಲ್ಲವನು ನಾನೊಬ್ಬನೇ. ಪಿತಾ ಎಂಬ ರೊಟ್ಟಿ ಸಿಗುತ್ತದೆ, ಮೆತ್ತಗೆ, ಒಳಗೆ ಜೇಬಿನಂತೆ ಟೊಳ್ಳು. ಅದರೊಳಗೆ ಮಲ್ಲಮ್ಮ ಕಟ್ಟಿಕೊಟ್ಟ ಶೇಂಗಾ ಹಿಂಡಿ ಎಂಬ ಖಾರದ ಪುಡಿ ತುಂಬಿ ತಿನ್ನುತ್ತೇನೆ. ಮಲ್ಲಮ್ಮ ನನ್ನ ಹೆಂಡತಿ. ಫೋನಿನಲ್ಲಿ ಅದನ್ನು ನೋಡಿ, "ಅದೇನ್ರೀ, ರೊಟ್ಟಿಗೆ ಅಂಗಿ ಹೊಲಿಸ್ಯಾರ?" ಎಂದು ನಕ್ಕಳು. ಮೊಸರು ಮಾತ್ರ ನಮ್ಮದಕ್ಕಿಂತ ಗಟ್ಟಿ, ಸುಳ್ಳು ಹೇಳಬಾರದು. ಪ್ರತಿ ಮನೆಯಲ್ಲೂ ಮಮಾದ್ ಎಂಬ ಒಂದು ಕೋಣೆ ಇರಬೇಕೆಂಬುದು ಇಲ್ಲಿಯ ಕಾಯಿದೆ. ದಪ್ಪ ಕಾಂಕ್ರೀಟು, ಕಬ್ಬಿಣದ ಬಾಗಿಲು. ಆಕಾಶದಿಂದ ರಾಕೆಟ್ ಬಂದಾಗ ಅಲ್ಲಿ ಹೋಗಿ ಕೂರಬೇಕು. ನಮ್ಮ ಕಡೆ ಮನೆ ಕಟ್ಟುವಾಗ ದೇವರ ಕೋಣೆ ಯಾವ ಮೂಲೆಗೆ ಎಂದು ಕೇಳುತ್ತಾರೆ, ಇಲ್ಲಿ ಮೊದಲು ಆ ಕೋಣೆ. ಮಧ್ಯಾಹ್ನ ಊಟ ಮಾಡುತ್ತಿರುವಾಗಲೇ ಸೈರನ್ ಊದುತ್ತದೆ. ಪಿತಾ ಕೈಯಲ್ಲಿ ಹಿಡಿದೇ ಓಡುತ್ತೇವೆ. ಕತ್ತಲಲ್ಲಿ ಗುರುತಿಲ್ಲದವರ ಉಸಿರು ಕೇಳುತ್ತ ಕೂತಿದ್ದು, ದೂರದಲ್ಲಿ ಧಡ್ ಎಂದ ಮೇಲೆ ಹೊರಗೆ ಬಂದರೆ ಅಂಗಡಿಯವನು ತರಕಾರಿಗೆ ನೀರು ಚಿಮುಕಿಸುತ್ತಿರುತ್ತಾನೆ.

ಕೆಲಸದ ಉಸ್ತುವಾರಿ ಅವಿ ಎಂಬವನದು, ಇಲ್ಲಿಯ ಯಹೂದಿ. ಮೊದಲ ದಿನವೇ ನನ್ನ ಬೆನ್ನು ತಟ್ಟಿ, "ಹಿಂದಿ, ಹವೆರ್!" ಎಂದ. ಹಿಂದಿ ಎಂದರೆ ಇಲ್ಲಿ ಭಾಷೆಯಲ್ಲ, ಭಾರತದವನು. ಹವೆರ್ ಎಂದರೆ ಗೆಳೆಯ. ಭಾರತ ನಮ್ಮ ದೋಸ್ತ, ಕಷ್ಟದಲ್ಲಿ ಕೈಬಿಡಲಿಲ್ಲ ಎಂದ. ಅದೇ ದಿನ ಸಂಜೆ ಮೇಸ್ತ್ರಿ ಸಮೀರ್ ಚಹಾ ಕೊಡಿಸಿದ. ಸಮೀರ್ ಅರಬ, ಆದರೆ ಇಸ್ರೇಲಿನ ಪ್ರಜೆ. ಹಾಗಾಗಿ ಅವನಿಗೆ ಕೆಲಸಕ್ಕೆ ಬರಲು ಅಡ್ಡಿಯಿಲ್ಲ. ಅವನೂ ನನ್ನ ಬೆನ್ನು ತಟ್ಟಿದ: "ಭಾರತ ಅಂದರೆ ನಮ್ಮಪ್ಪನ ಕಾಲದಿಂದ ಪ್ಯಾಲೆಸ್ಟೀನಿನ ಪರ." ಒಂದೇ ಬೆನ್ನು, ಎರಡು ಕೈ! ಇಬ್ಬರೂ ಸುಳ್ಳು ಹೇಳಿರಲಿಲ್ಲ. ನಮ್ಮ ಸರ್ಕಾರ ವಿಶ್ವಸಂಸ್ಥೆಯಲ್ಲಿ ಪ್ಯಾಲೆಸ್ಟೀನಿಗೆ ಅದರದೇ ದೇಶ ಆಗಬೇಕೆಂದು ಒಮ್ಮೆ ಕೈ ಎತ್ತುತ್ತದೆ, ಇನ್ನೊಮ್ಮೆ ಯಾವ ಕಡೆಗೂ ಎತ್ತದೆ ಕೂರುತ್ತದೆ. ಇತ್ತ ಇಸ್ರೇಲಿನಿಂದ ಆಯುಧ ಕೊಳ್ಳುತ್ತದೆ, ಇಸ್ರೇಲಿಗೆ ಗೌಂಡಿಗಳನ್ನು ಕಳಿಸುತ್ತದೆ.

ದಿಲ್ಲಿಯನ್ನು ಬೈಯುವುದು ಸುಲಭ. ಶಹಾಪುರದ ಹಳೇ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ದಿನಾ ಅದೇ ನಡೆಯುತ್ತದೆ. ಆದರೆ ತೂಗುವವರ ತಕ್ಕಡಿಯಲ್ಲಿ ಏನೇನಿದೆ ಎಂದೂ ನೋಡಬೇಕು. ನಮ್ಮ ಮೆಣಸಿನಕಾಯಿ ಹೊಲದಲ್ಲಿ ಹನಿ ಹನಿ ನೀರು ಬಿಡುವ ಪೈಪಿನ ವಿದ್ಯೆ ಬೆಳೆದದ್ದು ಇಲ್ಲಿ. ಗೋಗಿಯ ಮನೆಮನೆಯ ಮಕ್ಕಳು ದುಡಿಯುವುದು ಸೌದಿ, ದುಬೈಗಳಲ್ಲಿ, ಆ ಅರಬರ ಮನಸ್ಸೂ ಮುರಿಯಬಾರದು. ಸ್ವಂತ ದೇಶಕ್ಕಾಗಿ ಹೋರಾಡಿದವರು ನಾವು, ಇನ್ನೊಬ್ಬರಿಗೆ ಅದು ಬೇಡ ಎನ್ನಲು ಬಾಯಿ ಬರುವುದಿಲ್ಲ. ಲಡಾಯಿಯ ಮೊದಲ ದಿನ ಗಾಜಾದಿಂದ ಬಂದವರು ಇಲ್ಲಿಯ ಮನೆಗಳಿಗೆ ನುಗ್ಗಿ ಜನರನ್ನು ಕೊಂದದ್ದನ್ನು ನೋಡಿದ ಮೇಲೆ ಆ ದುಃಖಕ್ಕೆ ಬೆನ್ನು ತಿರುಗಿಸಲೂ ಬರುವುದಿಲ್ಲ. ಅವಿಯ ಅಕ್ಕನ ಮಗ ಆ ದಾಳಿಯ ಅಕ್ಟೋಬರಿನ ಬೆಳಗ್ಗೆ ಸತ್ತ. ಫೋಟೋ ತೋರಿಸುವಾಗ ಅವಿ ಹೆಬ್ಬೆರಳಿನಿಂದ ಫೋನಿನ ಗಾಜು ಒರೆಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ದಿಲ್ಲಿಯ ಲೆಕ್ಕ ಅದು. ದೇಶ ನಡೆಸುವವರಿಗೆ ಅದು ನಡೆಯಬಹುದು. ನಾನು ಆ ಅರ್ಧ ನೆಲದ ಮೇಲೆ ಮಂಡಿಯೂರಿ ಕೂರಬೇಕಿತ್ತು.

ಕೂತೆ. ಮಾತಿಗಾಗಿ ಯಾರ ಮನೆಗೆ ಹೋಗಲಿ? ಆತನ ಹೆಸರೂ ಗೊತ್ತಿರಲಿಲ್ಲ. ಬಕೆಟ್ಟನ್ನು, ಜಾಕೆಟ್ಟನ್ನು ಮುಟ್ಟದೆ, ನನ್ನದೇ ಕರಣಿಯಿಂದ ಆಚೆ ಗೋಡೆಯ ಕಡೆಯಿಂದ ಕೆಲಸ ಶುರುಮಾಡಿದೆ. ಅವನ ಸಾಲನ್ನು ತಾಗುವ ಹೊತ್ತಿಗೆ ಏನಾದರೂ ದಾರಿ ತೋಚೀತು ಎಂದುಕೊಂಡೆ. ಮರುದಿನ ಬೆಳಗ್ಗೆ ಕುಟ್ಟಿ ನೋಡಿದರೆ ಒಂದು ಟೈಲ್ ಪೊಳ್ಳು. ಕಿತ್ತು ಹಾಕಿದೆ. ಅದರ ಮರುದಿನ ಇನ್ನೊಂದು. ಸಮೀರ್, "ಕಡಲ ಗಾಳಿಗೆ ಅಂಟು ಬೇಗ ಒಣಗುತ್ತದೆ, ನೀರು ಹೆಚ್ಚು ಹಾಕು" ಎಂದ. ಹಾಕಿದೆ. ಆದರೂ ಒಂದೊಂದು ಟೈಲು ಪೊಳ್ಳಾಗುವುದು ತಪ್ಪಲಿಲ್ಲ. ಪರೀಕ್ಷೆಯಲ್ಲಿ ಹೆಬ್ಬೆರಳು ಗಳಿಸಿದ ಗೌಂಡಿ ನಾನು! ಗಾಳಿ ಎಂದೇ ನನಗೆ ನಾನು ಹೇಳಿಕೊಂಡೆ. ಆದರೆ ಕೆಲಸ ಮಾಡುವಾಗ ಬಾಗಿಲ ಕಡೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟೆ.

ಇನ್ನೊಂದು ಸಂಗತಿ ಇತ್ತು. ಎದುರಿನ ಕಟ್ಟಡದ ಏಳನೇ ಮಹಡಿಯಲ್ಲಿ ರಿವ್ಕಾ ಎಂಬ ಮುದುಕಿ ಇದ್ದಳು. ನಾನು ಬಂದ ಮೊದಲ ದಿನದಿಂದ ಬೆಳಗ್ಗೆ ಬಾಲ್ಕನಿಗೆ ಬಂದು ನನ್ನತ್ತ ಕೈ ಬೀಸುತ್ತಿದ್ದಳು. ನಾನೂ ಬೀಸುತ್ತಿದ್ದೆ. ಪರದೇಶದಲ್ಲಿ ಒಬ್ಬರಾದರೂ ಕೈ ಬೀಸುವವರು ಸಿಕ್ಕರಲ್ಲ ಎಂದು ಮಲ್ಲಮ್ಮನ ಹತ್ತಿರ ಜಂಬ ಕೊಚ್ಚಿಕೊಂಡೆ. ಒಂದು ದಿನ ಆಕೆ ಕೋಲೂರಿಕೊಂಡು ಕೆಳಗೆ ಬಂದಳು. ಕೈಯಲ್ಲಿ ಖರ್ಜೂರದ ಬಿಸ್ಕತ್ತಿನ ಡಬ್ಬಿ. ನನ್ನ ಮುಖ ನೋಡುತ್ತ ಹಿಬ್ರೂ ಭಾಷೆಯಲ್ಲಿ ಏನೇನೋ ಕೇಳಿದಳು, ಉತ್ತರಕ್ಕೆ ಕಾದಳು. ಅವಿ ಪಕ್ಕದಲ್ಲಿದ್ದ. ಅವನ ಮುಖ ಬಿಳಿಚಿಕೊಂಡಿತು.

"ಏನಂತೆ?" ಎಂದೆ.

"ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ಎನ್ನುತ್ತಾಳೆ. ನಿನ್ನ ಮಗಳ ಕಾಲು ವಾಸಿಯಾಯಿತೇ ಎಂದು ಕೇಳುತ್ತಿದ್ದಾಳೆ."

ಅವಳು ಕೈ ಬೀಸುತ್ತಿದ್ದದ್ದು ನನಗಲ್ಲ. ಮೊದಲ ದಿನದಿಂದಲೂ ಆ ನೀಲಿ ಜಾಕೆಟ್ಟಿನವನಿಗೆ. ನಾನು ಅವನಾಗಿ ಕೈ ಬೀಸಿ ಉತ್ತರ ಕೊಡುತ್ತಿದ್ದೆ. ಅವಿ ಏನು ಹೇಳುತ್ತಾನೋ ಎಂದು ನೋಡಿದೆ. ಅವನು ಅವಳಿಗೆ ಒಂದೇ ಪದ ಹೇಳಿದ. ಆಕೆಯ ಮುಖ ಅರಳಿತು, ಡಬ್ಬಿಯನ್ನು ನನ್ನ ಕೈಗಿಟ್ಟು ಹೋದಳು. ವಾಸಿಯಾಯಿತು ಎಂದನಂತೆ. ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ದು ಜೊತೆಯವರ ಮುಂದಿಟ್ಟೆ. ಉಳಿದ ಐವರು ತಿಂದರು.

ಇಷ್ಟರಲ್ಲಿ ಮಹಾನವಮಿ ಬಂತು. ನಮ್ಮ ಕಡೆ ಆ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಉಸ್ತಾದರ ಕೈಕೆಳಗೆ ದುಡಿಯುವಾಗ ಎಲ್ಲರ ಹತಾರಗಳನ್ನೂ ತೊಳೆದು ಸಾಲಾಗಿ ಇಡುತ್ತಿದ್ದೆವು. ಲಿಂಬೆಹಣ್ಣು ತರುತ್ತಿದ್ದವರು ಸ್ವತಃ ಉಸ್ತಾದರೇ. ಅವರು ದೂರ ನಿಂತು, "ಯಾವ ಹತಾರಾನೂ ಬಿಡಬ್ಯಾಡ್ರಿ, ಸಿಟ್ಟಾಗ್ತಾವ" ಎನ್ನುತ್ತಿದ್ದರು. ಬೆಳಗ್ಗೆ ಬೇಗ ಹೋಗಿ ನನ್ನ ಕರಣಿ, ಸುತ್ತಿಗೆ, ಲೆವೆಲ್ ಪಟ್ಟಿ ತೊಳೆದು ಕುಂಕುಮ ಹಚ್ಚಿದೆ. ಬಕೆಟ್ಟಿನಲ್ಲಿ ನೆಟ್ಟಿದ್ದ ಆ ಇನ್ನೊಂದು ಕರಣಿಯ ಕಡೆ ಕಣ್ಣು ಹೋಯಿತು. ಯಾವ ಹತಾರವನ್ನೂ ಬಿಡಬಾರದಲ್ಲ! ಅದರ ಹಿಡಿಗೂ ನೀರಿನಲ್ಲಿ ಕಲಸಿದ ಕುಂಕುಮ ಬಳಿದೆ, ಧಾರಾಳವಾಗಿಯೇ. ಲಿಂಬೆಹಣ್ಣು ಕೊಯ್ದು ಎರಡು ಹೋಳಿಗೂ ಕುಂಕುಮ ಹಚ್ಚಿ ಹೊಸ್ತಿಲಿನ ಎರಡು ಬದಿಗೆ ಇಟ್ಟು ಚಹಾ ಕುಡಿಯಲು ಕೆಳಗಿಳಿದೆ.

ನಾನು ಮರಳುವಷ್ಟರಲ್ಲಿ ಕಟ್ಟಡವೇ ಖಾಲಿಯಾಗಿತ್ತು. ಕಾವಲಿನವನು ಮೇಲೆ ಹೋಗಿ, ಕಾಣೆಯಾದ ಮನುಷ್ಯನ ಕರಣಿಯ ಮೇಲೆ ಹಸಿ ಕೆಂಪು ನೋಡಿ, ರಕ್ತ ಎಂದು ಕೂಗಿಕೊಂಡು ಓಡಿಬಂದಿದ್ದ. ಆ ಅಕ್ಟೋಬರಿನ ದಾಳಿಗೆ ವರ್ಷ ತುಂಬಿದ ನೆನಪಿನ ದಿನ ಆಗಷ್ಟೇ ಮುಗಿದಿತ್ತು, ಎಲ್ಲರ ನರಗಳೂ ಬಿಗಿದಿದ್ದವು. ಬಂದೂಕು ಹಿಡಿದವರು ಬಂದರು. ಕಟ್ಟಡದ ಮುಂದೆ ನಿಂತ ನೂರಾರು ಜನರ ನಡುವೆ ನಾನೊಬ್ಬ ಕೈ ಎತ್ತಿ, "ಅದು ನಂದು, ದೇವ್ರದು, ಪೂಜೆ" ಎಂದೆ. ಇಂಗ್ಲಿಷೂ ಬಾಯಿಗೆ ಬರಲಿಲ್ಲ. ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದು ನನ್ನ ಹಣೆಗೇ ಬಳಿದುಕೊಂಡು ತೋರಿಸಿದೆ. ಆಮೇಲೆ ಬಂದೂಕುಗಳು ಕೆಳಗಾದವು. ಅವಿ ನನ್ನನ್ನು ಬೈದದ್ದು ಅನುವಾದ ಬೇಡದ ಭಾಷೆಯಲ್ಲಿ.

ಎಲ್ಲರೂ ಚದುರಿದ ಮೇಲೆ ಸಮೀರ್ ಮೇಲೆ ಬಂದ. "ನಿನ್ನ ಕರಣಿಗೆ ಪೂಜೆ ಮಾಡು. ಅವನದಕ್ಕೇಕೆ?" ಎಂದ. ಒಂದಷ್ಟು ಅರಬಿ ಪದಗಳು ಬೆರೆತ ನನ್ನ ದಖನಿ ಉರ್ದುವಿನಲ್ಲಿ, ಇಬ್ಬರಿಗೂ ಬರುವ ಮುರುಕು ಇಂಗ್ಲಿಷಿನಲ್ಲಿ, ಮಾತು ತಗೊಳ್ಳುವ ರೂಢಿಯನ್ನು ಹೇಳಿದೆ. ಉಸ್ತಾದರಿಗೆ ಹೂಂ ಅಂದು ಬಂದದ್ದನ್ನೂ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ.

"ಅವನ ಹೆಸರು ನಬೀಲ್. ಗಡಿಯ ಗೋಡೆಯಾಚೆ, ಪ್ಯಾಲೆಸ್ಟೀನಿನ ಹಳ್ಳಿಯವನು. ನಂಬರ್ ನನ್ನ ಹತ್ತಿರ ಇದೆ," ಎಂದ. "ಕೇಳುತ್ತೀಯಾ?"

ಕೇಳದೇ ಇದ್ದರೆ ಉಸ್ತಾದರಿಗೆ ಸುಳ್ಳು ಹೇಳಬೇಕು. ಕೇಳಿ ಅವನು ಬೇಡ ಅಂದರೆ ಕೆಲಸ ಬಿಡಬೇಕು. ಕೆಲಸ ಬಿಟ್ಟವನನ್ನು ಇಲ್ಲಿ ಇಟ್ಟುಕೊಳ್ಳುವುದಿಲ್ಲ, ವಿಮಾನ ಹತ್ತಿಸುತ್ತಾರೆ. ಆದರೂ ಕೇಳುತ್ತೇನೆ ಎಂದೆ.

ಊಟದ ಬಿಡುವಿನಲ್ಲಿ ಸಮೀರ್ ವಿಡಿಯೋ ಕರೆ ಮಾಡಿದ. ತೆರೆಯ ಮೇಲೆ ಬಂದ ಮುಖ ನೋಡಿ ನಾನು ಹಿಂದೆ ಸರಿದೆ. ಅವನೂ ಸರಿದ. ನನ್ನದೇ ವಯಸ್ಸು, ಅದೇ ಹಿಂದೆ ಸರಿದ ಮುಂಗೂದಲು, ಅದೇ ದಪ್ಪ ಮೀಸೆ. ರಿವ್ಕಾಳ ಕಣ್ಣಿನ ತಪ್ಪಿರಲಿಲ್ಲ. ಅವನ ಹಿಂದೆ ಅವನ ಮನೆ ಕಾಣುತ್ತಿತ್ತು. ಅದರ ನೆಲಕ್ಕೆ ಟೈಲ್ಸ್ ಇರಲಿಲ್ಲ, ಬರೀ ಸಿಮೆಂಟು. ನನ್ನ ಮನೆಯೂ ಹಾಗೆಯೇ ಎಂದು ಸಮೀರನಿಂದ ಹೇಳಿಸಿದೆ. ನಬೀಲ್ ಸ್ವಲ್ಪ ನಕ್ಕ.

ಮೊದಲು ಅವನು ಕೇಳಿದ್ದು ನೆಲದ ಬಗ್ಗೆ. ಬಾಲ್ಕನಿಯ ಕಡೆ ನೀರಿಗೆ ಇಳಿಜಾರು ಕೊಟ್ಟಿದ್ದೇನೆ, ನೀರು ಸುರಿದು ನೋಡಿಕೊಂಡು ಮುಂದುವರಿ ಎಂದ. ಫೋನನ್ನು ಕಿಟಕಿಯತ್ತ ತಿರುಗಿಸಲು ಹೇಳಿದ. ಕಡಲನ್ನು ನೋಡಿದ. ಬಹಳ ಹೊತ್ತು ನೋಡಿದ. ಕರಣಿಯ ಕೆಂಪನ್ನು ಒರೆಸು ಎಂದ, ಸಿಟ್ಟಿಲ್ಲದೆ. ಒರೆಸಿದೆ. ಮಗಳ ಕಾಲು ಹೇಗಿದೆ ಎಂದು ಕೇಳಿದೆ. ಅವನು ಸಮೀರನ ಮುಖ ನೋಡಿದ, ನನಗೆ ಹೇಗೆ ಗೊತ್ತು ಎಂಬಂತೆ. ಎದುರಿನ ಅಜ್ಜಿ ಕೇಳಿದಳು ಎಂದೆ. ಅವನು ಕಣ್ಣು ಕೆಳಗೆ ಮಾಡಿದ.

ಆಮೇಲೆ ನಾನು ನೆಲದ ಮೇಲೆ ನೇರ ಕೂತು, ಎಲೆ ಅಡಿಕೆ ಇಲ್ಲದ ಬರಿಗೈ ಮುಂದೆ ಚಾಚಿ, ನಮ್ಮ ಭಾಷೆಯಲ್ಲೇ ಹೇಳಿದೆ: "ನಿಮ್ಮ ಕೆಲಸ ಹಿಡೀತೀನ್ರಿ." ಸಮೀರ್ ಅದನ್ನು ಅವನಿಗೆ ತಿಳಿಸಿದ.

ನಬೀಲ್ ನಿಧಾನವಾಗಿ, ತುಂಡು ತುಂಡಾಗಿ ಹೇಳಿದ. ಸಮೀರ್ ಅದನ್ನು ಹಾಗೆಯೇ ತುಂಡು ತುಂಡಾಗಿ ನನಗೆ ದಾಟಿಸಿದ.

"ನಿನ್ನ ಉಸ್ತಾದ್ ದೊಡ್ಡ ಮನುಷ್ಯ. ಅವರಿಗೆ ನನ್ನ ಸಲಾಂ ಹೇಳು. ಆದರೆ ಹಿಡಿ ಎಂದು ನಾನು ಹೇಳಲಾರೆ. ಹಿಡಿ ಅಂದರೆ ನಾನು ಬಿಟ್ಟೆ ಅಂತ ಆಗುತ್ತದೆ. ನಾನು ಬಿಟ್ಟಿಲ್ಲ. ನನ್ನನ್ನು ಬರಗೊಡುತ್ತಿಲ್ಲ, ಅಷ್ಟೇ. ನೀನು ಕೆಲಸ ಮಾಡು. ನಿನಗೂ ಹೊಟ್ಟೆ ಇದೆ, ಮಕ್ಕಳಿದ್ದಾರೆ. ನಾನು ಶಾಪ ಹಾಕುವುದಿಲ್ಲ. ಮಾತು ಮಾತ್ರ ನನ್ನ ಹತ್ತಿರವೇ ಇರಲಿ."

ಮತ್ತೆ ಹೇಳಿದ: "ನಮಗೊಂದು ದೇಶ ಬೇಕು ಎಂದು ನಿಮ್ಮ ಸರ್ಕಾರ ಹೇಳುವುದನ್ನು ಟಿ.ವಿ.ಯಲ್ಲಿ ಕೇಳಿದ್ದೇನೆ. ಒಳ್ಳೆಯ ಮಾತು. ಅದೇ ಸರ್ಕಾರ ನಿನ್ನನ್ನು ನನ್ನ ಜಾಗಕ್ಕೆ ಕಳಿಸಿದೆ. ಇದನ್ನು ನನ್ನ ಮಗಳಿಗೆ ಹೇಗೆ ತಿಳಿಸಿ ಹೇಳಲಿ? ನಿನಗೆ ಗೊತ್ತಿದ್ದರೆ ಹೇಳಿಕೊಡು."

ಭಾರತದ ರಾಯಭಾರಿ ಒರೆಸಿದ ಕರಣಿಯ ಹಿಡಿಯನ್ನೇ ಮತ್ತೊಮ್ಮೆ ಒರೆಸಿದ. ಫೋನಿನ ಆಚೆ ಯಾರೋ ಅವನನ್ನು ಕರೆದರು. ತೆರೆ ಕಪ್ಪಾಯಿತು. ಗಾಜಿನಲ್ಲಿ ಮುಖವೊಂದು ಉಳಿದಿತ್ತು. ನನ್ನದೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

ಅವಿಯ ಹತ್ತಿರ ಹೋಗಿ ಬೇರೆ ಮಹಡಿ ಕೊಡು ಎಂದು ಕೇಳಿದೆ. ಅವನು ಎಂಟನೆಯದಕ್ಕೆ ಕರೆದೊಯ್ದ. ಅಲ್ಲಿ ಮೊಳೆಗೆ ಒಂದು ಟೋಪಿ ತೂಗುತ್ತಿತ್ತು. ಒಂಬತ್ತನೆಯದರಲ್ಲಿ ಒಂದು ಜೊತೆ ಬೂಟ್ಸ್, ಒಂದರೊಳಗೆ ಕಾಲುಚೀಲ ಮಡಿಸಿಟ್ಟದ್ದು. ಹತ್ತನೆಯದಕ್ಕೆ ನಾನೇ ಬೇಡ ಎಂದೆ. ಅವಿ ನನ್ನ ಹೆಗಲ ಮೇಲೆ ಕೈಯಿಟ್ಟು, "ನನಗೂ ಇಲ್ಲಿ ಒಬ್ಬನೇ ನಡೆಯಲು ಮನಸ್ಸಾಗುವುದಿಲ್ಲ" ಎಂದ. "ಅವರು ಕೆಟ್ಟವರು ಎನ್ನುವುದಿಲ್ಲ. ನಬೀಲ್ ನನ್ನ ಮದುವೆಗೆ ಬಂದಿದ್ದ. ಆದರೆ ನನಗೆ ಭಯವಾಗುತ್ತದೆ, ಏನು ಮಾಡಲಿ?" ಮರುಕ್ಷಣವೇ ಮುಖ ಗಂಟಿಕ್ಕಿ, ವಾರದೊಳಗೆ ಏಳನೇ ಮಹಡಿ ಮುಗಿಸದಿದ್ದರೆ ನಿನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದ.

ಮುಗಿಸಿದೆ. ಯಾವ ಸಬೂಬೂ ಹೇಳುವುದಿಲ್ಲ. ಅವನ ಮಾತಿಲ್ಲದೆ ಅವನ ಸಾಲಿಗೆ ನನ್ನ ಸಾಲನ್ನು ತಾಗಿಸಿದೆ. ಎರಡೂ ಕೂಡುವ ಜಾಗದಲ್ಲಿ ಒಂದು ಕೂದಲೆಳೆ ವ್ಯತ್ಯಾಸವೂ ಬರಲಿಲ್ಲ. ಅವನ ಕೈ, ನನ್ನ ಕೈ ಬೇರೆ ಎಂದು ಯಾರೂ ಹೇಳಲಾರರು, ನಾನೂ ಈಗ ಹೇಳಲಾರೆ. ಒಂದು ಎಳೆಯ ಸಂಸಾರ ಆ ಮನೆಗೆ ಬಂತು. ಮಗು ಬರಿಗಾಲಲ್ಲಿ ಆ ನೆಲದ ಮೇಲೆ ಓಡಿದ್ದನ್ನು ನೋಡಿ, ಕಿವಿಗೊಟ್ಟು ನಿಂತೆ. ಒಂದೇ ಜೊತೆ ಕಾಲಿನ ಸದ್ದು ಕೇಳುತ್ತದೋ, ಎರಡೋ ಎಂದು. ನಾಚಿಕೆಯಾಯಿತು, ಆದರೂ ನಿಂತೆ.

ಉಸ್ತಾದರು ಫೋನಿನಲ್ಲಿ, "ಮಾತು ತಗೊಂಡಿ?" ಎಂದು ಕೇಳಿದಾಗಲೆಲ್ಲ ನೆಟ್‌ವರ್ಕ್ ಕೈಕೊಡುತ್ತಿತ್ತು. ಇಸ್ರೇಲಿನ ನೆಟ್‌ವರ್ಕ್ ಬಹಳ ಚೆನ್ನಾಗಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಹೋದ ಸಲ ರಜೆಗೆ ಊರಿಗೆ ಹೋದೆ. ಶಹಾಪುರ ಹತ್ತಿರವಾಗುತ್ತಿದ್ದಂತೆ ಬೆಟ್ಟದ ಬಂಡೆಗಳಿಂದಲೇ ಮೂಡಿದ ಮಲಗಿದ ಬುದ್ಧ ಕಂಡ. ಚಿಕ್ಕಂದಿನಿಂದ ನೋಡಿದ ಕಲ್ಲುಗಳೇ. ಆದರೆ ಆ ಸಲ ನನಗೆ ಅವನು ಮಲಗಿದಂತೆ ಕಾಣಲಿಲ್ಲ, ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದಂತೆ ಕಂಡ. ಚಹಾದಂಗಡಿಯಲ್ಲಿ ಅರ್ಧ ಜನ ನನ್ನನ್ನು ಶೂರ ಎಂದರು, ಅರ್ಧ ಜನ ಮುಖ ತಿರುಗಿಸಿದರು. ಒಬ್ಬ ಗೆಳೆಯ, "ಏ ಇಸ್ರೇಲ್, ಚಾ ಹೇಳೋ" ಎಂದ. ಹುಟ್ಟಿದ ಊರಲ್ಲಿ ಪರದೇಶದ ಹೆಸರು, ಪರದೇಶದಲ್ಲಿ ನಮ್ಮ ದೇಶದ ಹೆಸರು. ಮೌನೇಶ ಎಂದು ಕರೆಯುವವಳು ಮಲ್ಲಮ್ಮನ ಅತ್ತೆ, ಅಂದರೆ ನನ್ನ ಅವ್ವ, ಒಬ್ಬಳೇ.

ಗೋಗಿಗೆ ಹೋಗಲು ಧೈರ್ಯ ಬರಲಿಲ್ಲ. ಊರು ಸೇರಿ ಹತ್ತು ದಿನ ಕಳೆದ ಮೇಲೆ ಬೆಳಗ್ಗೆ ಟಂಟಂ ಆಟೊ ಹತ್ತಿ ಹೋದೆ. ಉಸ್ತಾದರು ತಬ್ಬಿಕೊಂಡರು. ಅವರ ಮಗಳು ಶಮೀಮ್ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಹೊಟ್ಟೆ ತುಂಬ ಉಣ್ಣಿಸಿದ ಮೇಲೆಯೇ ಅವರು ಕೇಳಿದ್ದು.

"ಈಗ ಫೋನಿಲ್ಲ. ಹೇಳು. ಆ ಮನುಷ್ಯ ಏನಂದ?"

ನಬೀಲನ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಸಲಾಮನ್ನೂ ಹೇಳಿದೆ. ಉಸ್ತಾದರು ಎದೆಯ ಮೇಲೆ ಕೈಯಿಟ್ಟು ಅದನ್ನು ಸ್ವೀಕರಿಸಿದರು.

"ಖರೇ ಗೌಂಡಿ ಅದಾನ," ಎಂದರು. "ನಾ ಆದ್ರೂ ಹಂಗ ಅಂತಿದ್ದೆ. ಆಮ್ಯಾಲ ನೀ ಏನ್ ಮಾಡ್ದಿ?"

"ಮುಗಿಸಿದೆ ಉಸ್ತಾದ್."

ಅವರು ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. "ಹೊಟ್ಟಿ ಯಾರನ್ನ ಬಿಟ್ಟದ," ಎಂದು ಎದ್ದರು. "ಬಾ, ಶಮೀಮಗ ಒಂದು ಖೋಲಿ ಕಟ್ಟಿಸಾಕತ್ತೇನಿ. ನೋಡುವಂತಿ."

ಹಿತ್ತಲಿನಲ್ಲಿ ಹೊಸ ಕೋಣೆ. ಗೋಡೆ ಎದ್ದಿತ್ತು, ನೆಲಕ್ಕೆ ಆ ದಿನವೇ ಫರ್ಸಿ ಹಾಸುತ್ತಿದ್ದರು. ಹಾಸುತ್ತಿದ್ದವನು ಕೊಂಕಲ್ ಕಡೆಯ ಗೌಂಡಿ, ನನಗೆ ಗುರುತಿಲ್ಲದವನು. ಉಸ್ತಾದರು ತಾವೇ ದಾರದ ತುದಿ ಹಿಡಿದು ಕುಕ್ಕರುಗಾಲಿನಲ್ಲಿ ಕೂತರು. ನನಗೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ನೆರಳಿಗೆ ಹಾಕಿಸಿದರು. ಶಮೀಮ್ ಚಹಾ ತಂದಳು. ಆ ಮನೆಯಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಹಿಂದೆಲ್ಲ ಅವರ ದಾರದ ಇನ್ನೊಂದು ತುದಿ ಹಿಡಿಯುತ್ತಿದ್ದವನು ನಾನು. ಎಲ್ಲಿ ಕಾಲಿಡಬೇಕೋ ತಿಳಿಯಲಿಲ್ಲ.

ಕೊಂಕಲ್ಲಿನವನು ಒಂದು ಫರ್ಸಿ ಕೂರಿಸಿ, ಬೆವರು ಒರೆಸಿಕೊಂಡು, ನನ್ನ ಕಾಲ ಬಳಿ ಒರಗಿದ್ದ ಇನ್ನೊಂದನ್ನು ತೋರಿಸಿದ.

"ಅಣ್ಣಾರ, ಅದನ್ನ ಸ್ವಲ್ಪ ಇತ್ತಾಗ ಕೊಡ್ರಿ."

ಲೋಟ ಕೆಳಗಿಟ್ಟು ಬಗ್ಗಿದೆ. ಬೆರಳು ಕಲ್ಲಿಗೆ ತಾಗಿತ್ತು.

"ಏ, ಅವ್ರಿಗಿ ಹೇಳಬ್ಯಾಡ," ಎಂದರು ಉಸ್ತಾದರು, ದಾರದಿಂದ ಕಣ್ಣು ಎತ್ತದೆ, ಬಹಳ ಮೆತ್ತಗೆ. "ಅವ್ರು ಮನಿಗೆ ಬಂದ ಮೆಹಮಾನ್ ಅದಾರ."

ಕೊಂಕಲ್ಲಿನವನು ತಾನೇ ಎದ್ದು ಬಂದು ಫರ್ಸಿ ಎತ್ತಿಕೊಂಡು ಹೋದ. ನಾನು ಕುರ್ಚಿಗೆ ಒರಗಿದೆ. ಶಮೀಮ್ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದಳು.